ಈಜಿಪ್ಟ್ ಚಿತ್ರದ ಬೇಟೆಗಾರನ ಕೈಯಲ್ಲಿ ಈಟಿ ಯಾಕಿಲ್ಲ?

ಹಳೇಪೇಟೆ ಶೈಲ

ಎಲ್ಲರಿಗೂ ನಮಸ್ಕಾರ. ಚಿತ್ರಕಲೆ ಗೊತ್ತಿರುವವರು ಇಲ್ಲಿ ಇದ್ದೀರಿ ಅಂತ ಕೇಳುತ್ತಿದ್ದೇನೆ, ಪ್ರಶ್ನೆ ಪೆದ್ದು ಅನಿಸಿದರೆ ಬೈಬೇಡಿ.

ನಮ್ಮ ಸೋದರಮಾವ ಎಷ್ಟೋ ವರ್ಷದ ಹಿಂದೆ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಿಂದ ಒಂದು ದೊಡ್ಡ ಪ್ರಿಂಟ್ ತಂದಿದ್ದರು. ಈಜಿಪ್ಟಿನ ನಖ್ತ್ ಅನ್ನುವವನ ಸಮಾಧಿಯ ಗೋಡೆಯ ಚಿತ್ರವಂತೆ. ಮಧ್ಯದಲ್ಲಿ ಜೊಂಡು ಬೆಳೆದ ನೀರು, ಎರಡೂ ಕಡೆ ಹೆಂಡತಿ ಮಕ್ಕಳ ಜೊತೆ ಅವನೇ ಎರಡು ಸಲ ಇದ್ದಾನೆ. ಒಂದು ಕಡೆ ಹಕ್ಕಿಗೆ ಗುರಿ ಇಡುತ್ತಿದ್ದಾನೆ, ಇನ್ನೊಂದು ಕಡೆ ಮೀನಿಗೆ. ಮೊನ್ನೆ ಮನೆಗೆ ಸುಣ್ಣಬಣ್ಣ ಮಾಡಿಸಿದ ಮೇಲೆ ಅಟ್ಟದಿಂದ ಇಳಿಸಿ, ಹಾಲ್‌ನಲ್ಲಿ ಹಾಕೋಣ ಅಂತ ಒರೆಸುತ್ತಾ ಕೂತಾಗ ನನ್ನ ಮಗಳು (ಏಳನೇ ಕ್ಲಾಸು) ಕೇಳಿದಳು, "ಅಮ್ಮಾ, ಈ ಮನುಷ್ಯ ಕೈ ಎತ್ತಿ ಏನು ಮಾಡ್ತಿದ್ದಾನೆ?" ನೋಡಿದರೆ ಹೌದು, ಮೀನಿನ ಕಡೆ ಇರುವವನ ಎರಡೂ ಕೈ ಏನೋ ಹಿಡಿದ ಹಾಗೆ ಇವೆ, ಆದರೆ ಕೈಯಲ್ಲಿ ಏನೂ ಇಲ್ಲ! ಅಲ್ಲದೆ ಅಲ್ಲಲ್ಲಿ ಗೋಡೆಯ ಗಾರೆ ಉದುರಿದ ಹಾಗೆ ಕಲೆಗಳು ಬೇರೆ.

ಇನ್ನೊಂದು ವಿಷಯ. ಹೋದ ವರ್ಷ ನಮ್ಮ ಯಜಮಾನರ ಸ್ನೇಹಿತರು ಈಜಿಪ್ಟಿನ ಲಕ್ಸರ್‌ಗೆ ಟೂರ್ ಹೋದವರು ಪಪೈರಸ್ (ಜೊಂಡಿನಿಂದ ಮಾಡುವ ಕಾಗದ) ಮೇಲೆ ಬಿಡಿಸಿದ ಇದೇ ಚಿತ್ರ ತಂದುಕೊಟ್ಟರು. ಅದರಲ್ಲಿ ಉದ್ದನೆಯ ಈಟಿ ಇದೆ, ಈಟಿ ತುದಿಯಲ್ಲಿ ಮೀನೂ ಇದೆ, ಎಲ್ಲಾ ಫಳಫಳ ಅಂತ ಚಿನ್ನದ ಬಣ್ಣ. ಒಂದು ಬಿರುಕೂ ಇಲ್ಲ.

ಹಾಗಾದರೆ ಯಾವುದು ಸರಿ? ಮ್ಯೂಸಿಯಂನವರು ತಪ್ಪು ಪ್ರಿಂಟ್ ಮಾಡಿದ್ದಾರಾ? ಕೆಳಗೆ ಸಣ್ಣ ಅಕ್ಷರದಲ್ಲಿ ಟೆಂಪೆರಾ ಅಂತ ಬರೆದಿದೆ, ಅಂದರೆ ಇದು ಫೋಟೋ ಅಲ್ಲವಾ? ಮತ್ತೆ ಕೈಯಲ್ಲೇ ಬಿಡಿಸಿದ್ದಾದರೆ ಕಲೆ, ಬಿರುಕನ್ನೆಲ್ಲಾ ಯಾಕೆ ಬಿಡಿಸಿದರು, ಸರಿ ಮಾಡಿಬಿಡಬಹುದಿತ್ತಲ್ವಾ?

ಕುಂಚಕಡ್ಡಿ

ಶೈಲ ಮೇಡಂ, ನಿಮ್ಮ ಮಗಳ ಕಣ್ಣಿಗೆ ಮೊದಲು ಒಂದು ನಮಸ್ಕಾರ. ಆ ಈಟಿ ಗೋಡೆಯ ಮೇಲೂ ಇಲ್ಲ. ಅಳಿಸಿಹೋಗಿದ್ದೂ ಅಲ್ಲ. ಸುಮಾರು 3,400 ವರ್ಷದ ಹಿಂದೆ ಆ ಸಮಾಧಿಗೆ ಬಣ್ಣ ಹಾಕಿದವನು ಅದನ್ನು ಬಿಡಿಸಲೇ ಇಲ್ಲ. ಕೆಲಸ ಅರ್ಧಕ್ಕೆ ನಿಂತಿತೋ, ಆಮೇಲೆ ಬಿಡಿಸೋಣ ಅಂದುಕೊಂಡು ಮರೆತನೋ, ಯಾರಿಗೆ ಗೊತ್ತು. ಅಂದರೆ ನಿಮ್ಮ ಪ್ರಿಂಟೇ ಸರಿ. ಪಪೈರಸ್‌ನವನು ಪಾಪ ನಖ್ತ್‌ಗೆ ಒಂದು ಈಟಿ ದಾನ ಮಾಡಿದ್ದಾನೆ :)

ಹೌದು, ಅದು ಫೋಟೋ ಅಲ್ಲ. ಕೈಯಲ್ಲಿ ಮಾಡಿದ ನಕಲಿನ ಪ್ರಿಂಟ್. ಇಂಗ್ಲಿಷಿನವರು ಫ್ಯಾಕ್ಸಿಮಿಲಿ ಅನ್ನುತ್ತಾರೆ. ಇದರ ಹಿಂದೆ ದೊಡ್ಡ ಕಥೆ ಇದೆ, ಸ್ವಲ್ಪ ಉದ್ದ ಆಗುತ್ತೆ, ಕಾಫಿ ಹಿಡಿದುಕೊಂಡು ಓದಿ.

ಮೆಟ್ ಮ್ಯೂಸಿಯಂ 1907ರಲ್ಲಿ ಈಜಿಪ್ಟಿನಲ್ಲಿ ಬರೀ ಚಿತ್ರ ನಕಲು ಮಾಡುವುದಕ್ಕೇ ಒಂದು ತಂಡ ಕಟ್ಟಿತು. ಅದರ ಮುಖ್ಯಸ್ಥ ನಾರ್ಮನ್ ಡಿ ಗ್ಯಾರಿಸ್ ಡೇವಿಸ್. ಮೊದಲು ಪಾದ್ರಿಯಾಗಿದ್ದ ಮನುಷ್ಯ. ಅದೇ ವರ್ಷ ನೀನಾ ಅನ್ನುವ ಚಿತ್ರಗಾರ್ತಿಯನ್ನು ಮದುವೆಯಾದ. ಇಬ್ಬರೂ ಲಕ್ಸರ್ ಎದುರಿನ ದಡದಲ್ಲಿ, ಸಮಾಧಿಗಳ ಗುಡ್ಡದ ಬುಡದಲ್ಲೇ ಸಂಸಾರ ಹೂಡಿದರು. ಸುಮಾರು 30 ವರ್ಷ ಚಳಿಗಾಲ ಬಂತೆಂದರೆ ಇದೇ ಕೆಲಸ. ನಿಮ್ಮ ಹತ್ತಿರ ಇರುವ ಬೇಟೆಯ ಚಿತ್ರ ಇದೇ ತಂಡದ್ದು. ಇಬ್ಬರ ಹೆಸರೂ ಎನ್ ಅಕ್ಷರದಿಂದ ಶುರುವಾಗುವುದರಿಂದ ಎನ್. ಡಿ ಗ್ಯಾರಿಸ್ ಡೇವಿಸ್ ಅಂತ ಇದ್ದ ಕಡೆ ಗಂಡನೋ ಹೆಂಡತಿಯೋ ಅಂತ ಜನ ಇವತ್ತಿಗೂ ಗೊಂದಲ ಮಾಡಿಕೊಳ್ಳುತ್ತಾರೆ. ನನ್ನ ಕೇಳಿದರೆ ಬಣ್ಣದ ವಿಷಯದಲ್ಲಿ ನೀನಾ ಕೈ ಮೇಲು. ಗಂಡ ಗೆರೆಯ ಮನುಷ್ಯ, ಚಿತ್ರಲಿಪಿ ಓದುವವನು.

ಈಗ ಟೆಂಪೆರಾ ಯಾಕೆ ಅಂತ. ಅದಕ್ಕೂ ಹಿಂದಿನವರು ಹೆಚ್ಚಾಗಿ ಜಲವರ್ಣದಲ್ಲಿ ನಕಲು ಮಾಡುತ್ತಿದ್ದರು. ಜಲವರ್ಣದಲ್ಲಿ ಕಾಗದದ ಬಿಳುಪು ಕೆಳಗಿಂದ ಮಿನುಗುತ್ತೆ. ನೋಡಲು ಚೆಂದ, ಆದರೆ ಸಮಾಧಿಯ ಬಣ್ಣ ಹಾಗಿರುವುದಿಲ್ಲ. ಅದು ಗಾರೆಯ ಮೇಲೆ ಕೂತ ಮಣ್ಣಿನ ಬಣ್ಣ, ದಪ್ಪ, ಹೊಳಪಿಲ್ಲ. ಮೊಟ್ಟೆಯ ಲೋಳೆಯಲ್ಲಿ ಕಲಸಿದ ಟೆಂಪೆರಾದಲ್ಲಿ ಒಂದರ ಮೇಲೊಂದು ಪದರ ಹಾಕಬಹುದು. ತಿಳಿ ಬಣ್ಣವನ್ನು ಗಾಢ ಬಣ್ಣದ ಮೇಲೂ ಕೂರಿಸಬಹುದು. ನೀನಾ ಹೆಚ್ಚುಕಮ್ಮಿ ಆ ಹಳೇ ಕಾಲದವನು ಹಾಕಿದ ಕ್ರಮದಲ್ಲೇ ಪದರ ಹಾಕುತ್ತಾ ಹೋಗುತ್ತಿದ್ದಳು. ಮೊದಲು ಹಿನ್ನೆಲೆ, ಆಮೇಲೆ ಮೈ, ಬಟ್ಟೆ, ಕೊನೆಗೆ ಕೆಂಗಂದು ಗೆರೆ. ಎಷ್ಟೋ ನಕಲುಗಳು ಗೋಡೆಯಷ್ಟೇ ಅಳತೆಯವು.

ಇನ್ನು ಬಿರುಕಿನ ಪ್ರಶ್ನೆ. ಗೋಡೆ ಹೇಗಿದೆಯೋ ಹಾಗೆ ಬರೆಯಬೇಕು ಅನ್ನುವುದೇ ಅವರ ಹಠ. ಗಾರೆ ಉದುರಿದ ಜಾಗವನ್ನು ನಾನು ತುಂಬಿಸಿದರೆ ಅದು ನನ್ನ ಚಿತ್ರ ಆಯಿತು, ಅವನದಲ್ಲ. ನಖ್ತ್ ಸಮಾಧಿಯಲ್ಲೇ ಅಮುನ್ ದೇವರ ಹೆಸರು ಬಂದ ಕಡೆಯೆಲ್ಲಾ ಕೆತ್ತಿ ತೆಗೆದಿದ್ದಾರೆ. ಅದು ಅಖೆನಾಟನ್ ರಾಜನ ಕಾಲದವರ ಕೆಲಸ, ಅವನಿಗೆ ಅಮುನ್ ಅಂದರೆ ಆಗುತ್ತಿರಲಿಲ್ಲ. ಆ ಗಾಯವನ್ನು ಚೆಂದಕ್ಕೆ ಅಂತ ಮುಚ್ಚಿಬಿಟ್ಟರೆ ಒಂದು ಇತಿಹಾಸವನ್ನೇ ಅಳಿಸಿದ ಹಾಗೆ. ಅಲ್ಲೇ ಹತ್ತಿರದ ಮೆನ್ನಾ ಅನ್ನುವವನ ಸಮಾಧಿಯಲ್ಲಿ ಇನ್ನೂ ವಿಚಿತ್ರ. ಯಾರೋ ಅವನ ಮೇಲೆ ಹೊಟ್ಟೆಕಿಚ್ಚು ಇದ್ದವರು ಚಿತ್ರದಲ್ಲಿ ಅವನ ಕಣ್ಣು ಕಿತ್ತಿದ್ದಾರೆ, ಹಕ್ಕಿ ಹೊಡೆಯುವ ಕೋಲನ್ನು ತುಂಡು ಮಾಡಿದ್ದಾರೆ. ಸತ್ತಮೇಲೂ ನೋಡಬಾರದು, ಬೇಟೆ ಆಡಬಾರದು ಅಂತ! ಚೊಕ್ಕ ಮಾಡಿದ ನಕಲಿನಲ್ಲಿ ಈ ದ್ವೇಷ ಕಾಣುತ್ತಾ?

ಮರಳುಗಾಡಿನ ಮಂಜ

ನಾನು ದುಬೈನಲ್ಲಿ ಇರುವುದು, ಎರಡು ಸಲ ಲಕ್ಸರ್ ಹೋಗಿ ಬಂದಿದ್ದೇನೆ. ನಖ್ತ್ ಸಮಾಧಿ ನೋಡಿದ್ದೇನೆ. ನಮ್ಮ ಮನೆಯ ಒಂದು ರೂಮಿಗಿಂತ ಚಿಕ್ಕದು ಕಣ್ರೀ, ಬಣ್ಣ ಇರುವುದು ಆ ಒಂದೇ ಕೋಣೆಯಲ್ಲಿ. ಗೋಡೆಗೆ ಗಾಜು ಹಾಕಿದ್ದಾರೆ. ನಮ್ಮ ಮುಖ ನಾವೇ ನೋಡಿಕೊಂಡು, ಬಗ್ಗಿ, ಓರೆಯಾಗಿ ನಿಂತು ಚಿತ್ರ ನೋಡಬೇಕು. ಹತ್ತು ಜನ ಒಳಗೆ ಬಂದರೆ ಉಸಿರಾಡಲು ಆಗುವುದಿಲ್ಲ. ನಿಜ ಹೇಳಬೇಕೆಂದರೆ ಮೆಟ್‌ನ ವೆಬ್‌ಸೈಟಿನಲ್ಲಿ ನಕಲು ನೋಡಿದಾಗಲೇ ನನಗೆ ಜಾಸ್ತಿ ಕಂಡಿದ್ದು.

ನಾನು ಬಂದಿದ್ದು ಪಪೈರಸ್ ವಿಷಯ ಹೇಳಲು. ಮೊದಲನೇ ಸಲ ಹೋದಾಗ ಗೈಡ್ ಕರಕೊಂಡು ಹೋದ ಅಂಗಡಿಯಲ್ಲಿ ಟೀ ಕೊಟ್ಟು, ಅಣ್ಣಾ ತಮ್ಮಾ ಅಂದು, ಚೆನ್ನಾಗಿ ನಾಮ ಹಾಕಿದರು. ಮನೆಗೆ ಬಂದು ಬಿಡಿಸಿದರೆ ಮಡಿಕೆಯಲ್ಲೇ ಪಟಕ್ ಅಂತ ಸೀಳಿತು. ಬಾಳೆನಾರಿನದು. ಅದರ ಮೇಲಿನ ಚಿತ್ರವೂ ಕೈಯದಲ್ಲ, ಸ್ಕ್ರೀನ್ ಪ್ರಿಂಟ್. ಎರಡನೇ ಸಲ ಬುದ್ಧಿ ಬಂದಿತ್ತು.

ನಿಜವಾದ ಪಪೈರಸ್ ಅಂದರೆ ಆ ಜೊಂಡಿನ ದಂಟಿನ ತಿರುಳನ್ನು ತೆಳ್ಳಗೆ ಸೀಳಿ, ಒಂದು ಪದರ ಉದ್ದಕ್ಕೆ, ಇನ್ನೊಂದು ಪದರ ಅಡ್ಡಕ್ಕೆ ಇಟ್ಟು ಒತ್ತಿದ್ದು. ಬೆಳಕಿಗೆ ಹಿಡಿದರೆ ಚಾಪೆಯ ಹೆಣಿಗೆ ಥರ ಅಡ್ಡ-ಉದ್ದ ಗೆರೆ ಕಾಣಬೇಕು. ಸುರುಳಿ ಸುತ್ತಿದರೆ ಮುರಿಯಬಾರದು. ಈ ಕಸುಬು ಈಜಿಪ್ಟಿನಲ್ಲೇ ನಿಂತುಹೋಗಿತ್ತು. 1960ರ ದಶಕದಲ್ಲಿ ಹಸನ್ ರಗಬ್ ಅನ್ನುವವರು ಗಿಡ ನೆಟ್ಟು, ಮಾಡುವ ವಿಧಾನ ಮತ್ತೆ ಹುಡುಕಿ ಶುರು ಮಾಡಿದರು. ಟೂರಿಸ್ಟ್ ಅಂಗಡಿಗಳೆಲ್ಲಾ ಆಮೇಲೆ ಬಂದವು.

ಒಂದು ತಮಾಷೆ ಗೊತ್ತಾ, ಈ ಬೇಟೆಯ ಚಿತ್ರ, ವಾದ್ಯ ನುಡಿಸುವ ಹುಡುಗಿಯರ ಚಿತ್ರ, ಇವು ಯಾವುವೂ ಆ ಕಾಲದಲ್ಲಿ ಪಪೈರಸ್ ಮೇಲೆ ಇರಲಿಲ್ಲ. ಎಲ್ಲಾ ಗೋಡೆಯವು. ಪಪೈರಸ್ ಮೇಲೆ ಇದ್ದಿದ್ದು ಸತ್ತವರ ಜೊತೆ ಇಡುವ ಮಂತ್ರದ ಸುರುಳಿಗಳು, ತಕ್ಕಡಿಯಲ್ಲಿ ಹೃದಯ ತೂಗುವ ಚಿತ್ರ ಇದೆಯಲ್ಲ, ಆ ಥರದ್ದು. ಗೋಡೆ ಚಿತ್ರವನ್ನು ಪಪೈರಸ್‌ಗೆ ಇಳಿಸಿದ್ದು ಈಗಿನ ಅಂಗಡಿಯವರ ಐಡಿಯಾ. ಹಾಗಂತ ಬಿಸಾಡಬೇಡಿ ಮೇಡಂ, ಸ್ನೇಹಿತರು ಪ್ರೀತಿಯಿಂದ ತಂದಿದ್ದು. ರೂಮಿನಲ್ಲಿ ಹಾಕಿ.

ಪಿಕ್ಸೆಲ್ ಪುಟ್ಟ

ಎಲ್ಲಾ ಸರಿ, ಆದರೆ ಕುಂಚಕಡ್ಡಿ ಸಾರ್ ಸ್ವಲ್ಪ ಭಾವುಕರಾಗುತ್ತಿದ್ದಾರೆ ಅನಿಸಿತು. ಆವಾಗ ಕಲರ್ ಫೋಟೋ ಸರಿ ಇರಲಿಲ್ಲ, ಅದಕ್ಕೆ ಕೈಯಲ್ಲಿ ಬರೆದರು. ಈಗ ಸ್ಕ್ಯಾನರ್ ಇದೆ. ಕೈಯಲ್ಲಿ ಬರೆದದ್ದರಲ್ಲಿ ಬರೆದವರ ಕಣ್ಣು, ಮೂಡು, ಆವತ್ತಿನ ಬೆಳಕು ಎಲ್ಲಾ ಸೇರಿರುತ್ತೆ. ಅದನ್ನು ದಾಖಲೆ ಅಂತ ಹೇಗೆ ನಂಬೋದು?

ಈಜಿಪ್ಟಿನ ರಾಜ ಟುಟಾಂಖಾಮನ್ ಸಮಾಧಿಯನ್ನೇ ನೋಡಿ. ಮ್ಯಾಡ್ರಿಡ್‌ನ ಫ್ಯಾಕ್ಟಮ್ ಆರ್ಟೆ ಅನ್ನುವವರು 2009ರಲ್ಲಿ ಲೇಸರ್ ಸ್ಕ್ಯಾನ್ ಮಾಡಿ, ಗೋಡೆಯ ಏರುತಗ್ಗು ಸಮೇತ ಇಡೀ ಶವಪೆಟ್ಟಿಗೆ ಕೋಣೆಯನ್ನು ಮತ್ತೆ ಕಟ್ಟಿದರು. 2014ರಿಂದ ಅದು ಲಕ್ಸರ್‌ನಲ್ಲೇ, ಆ ಸಮಾಧಿ ಹುಡುಕಿದ ಹೊವಾರ್ಡ್ ಕಾರ್ಟರ್ ಇದ್ದ ಮನೆಯ ಪಕ್ಕದಲ್ಲಿ ನೆಲದಡಿಯಲ್ಲಿ ಇದೆ. ಜನ ಅಲ್ಲಿ ಹೋಗಿ ಎಷ್ಟು ಬೇಕಾದರೂ ಉಸಿರಾಡಬಹುದು. ಅಸಲಿ ಸಮಾಧಿಗೆ ಬೆವರು, ಧೂಳಿನ ಕಾಟ ಕಮ್ಮಿ. ಇದು ತಾನೇ ಮುಂದಿನ ದಾರಿ?

ಕುಂಚಕಡ್ಡಿ

ಪುಟ್ಟ, ಭಾವುಕ ಅಂದಿದ್ದಕ್ಕೆ ಬೇಜಾರಿಲ್ಲ, ಸ್ವಲ್ಪ ಹೌದು :) ಸ್ಕ್ಯಾನ್ ಬೇಡ ಅಂತ ನಾನೂ ಹೇಳುವುದಿಲ್ಲ. ನೀವು ಕೊಟ್ಟ ಉದಾಹರಣೆಯನ್ನೇ ಹಿಡಿಯೋಣ. ಟುಟಾಂಖಾಮನ್ ಗೋಡೆಗಳ ತುಂಬಾ ಕಂದು ಚುಕ್ಕೆಗಳಿವೆ ಗೊತ್ತಲ್ಲ, ಬೂಷ್ಟಿನ ಥರದ್ದು. ಹಳೇ ಕಲೆಯನ್ನು ಕಾಪಾಡುವ ಕೆಲಸ ಮಾಡುವ ಅಮೆರಿಕದ ಗೆಟ್ಟಿ ಸಂಸ್ಥೆಯವರು ಪರೀಕ್ಷೆ ಮಾಡಿ ಅವು ಯಾವಾಗಲೋ ಸತ್ತುಹೋದ ಸೂಕ್ಷ್ಮಜೀವಿಗಳ ಕಲೆ, ಈಗ ಬೆಳೆಯುತ್ತಿಲ್ಲ ಅಂತ ಕಂಡುಕೊಂಡರು. ಫ್ಯಾಕ್ಟಮ್‌ನವರು ತಮ್ಮ ನಕಲಿನಲ್ಲಿ ಆ ಚುಕ್ಕೆಗಳನ್ನೂ ಬಿಟ್ಟಿಲ್ಲ. ಅಂದರೆ ಯಂತ್ರದವರೂ ಡೇವಿಸ್ ದಂಪತಿ ಮಾಡಿದ್ದನ್ನೇ ಮಾಡಿದ್ದಾರೆ. ಲೇಸರ್ರೋ ಕುಂಚವೋ ಅನ್ನುವುದಲ್ಲ ಇಲ್ಲಿ ಜಗಳ. ಕಂಡಿದ್ದನ್ನು ಕಂಡ ಹಾಗೆ ಬರೆಯುತ್ತೀಯಾ ಇಲ್ಲವಾ, ಅಷ್ಟೇ. ಆ ಲೆಕ್ಕದಲ್ಲಿ ನೀನಾ ಮತ್ತು ಸ್ಕ್ಯಾನರ್ ಒಂದೇ ಪಾರ್ಟಿ, ಟೂರಿಸ್ಟ್ ಪಪೈರಸ್ ಎದುರು ಪಾರ್ಟಿ.

ಇನ್ನೊಂದು, ನಕಲು ಮಾಡುವವರು ಗೋಡೆಗೆ ಯಾವಾಗಲೂ ಒಳ್ಳೆಯದನ್ನೇ ಮಾಡಿದ್ದಾರೆ ಅಂತಲ್ಲ. 1817ರಲ್ಲಿ ಮೊದಲನೇ ಸೇಟಿ ರಾಜನ ಸಮಾಧಿ ಹುಡುಕಿದ ಬೆಲ್ಝೋನಿ ಮೊದಲು ಸರ್ಕಸ್‌ನಂಥ ಆಟಗಳಲ್ಲಿ ಭಾರ ಎತ್ತಿ ತೋರಿಸುತ್ತಿದ್ದ ಜಟ್ಟಿ. ಅವನು ಗೋಡೆಯ ಉಬ್ಬುಚಿತ್ರಗಳಿಗೆ ಮೇಣ ಒತ್ತಿ ಅಚ್ಚು ತೆಗೆದ. ರಿಚ್ಚಿ ಅನ್ನುವ ಚಿತ್ರಗಾರನ ಜೊತೆ ಸೇರಿ ನೂರಾರು ಚಿತ್ರ ಬರೆದ. 1821ರಲ್ಲಿ ಲಂಡನ್ನಿನ ಪಿಕ್ಕಡಿಲಿಯಲ್ಲಿ ಆ ಸಮಾಧಿಯ ಕೋಣೆಗಳ ನಕಲನ್ನೇ ಕಟ್ಟಿ ಟಿಕೆಟ್ ಇಟ್ಟ, ಜನ ಮುಗಿಬಿದ್ದರು. ಆದರೆ ಅವನೂ, ಅವನ ನಂತರ ಒದ್ದೆ ಕಾಗದ ಒತ್ತಿ ಅಚ್ಚು ತೆಗೆದವರೂ ಸೇರಿ ಗೋಡೆಯ ಬಣ್ಣವನ್ನೇ ಎಬ್ಬಿಸಿಕೊಂಡು ಹೋದರು. ಈಗ ಆ ಗೋಡೆಯಲ್ಲಿ ಎಷ್ಟೋ ಕಡೆ ಬರೀ ಕಲ್ಲು. ಮೊದಲು ಹೇಗಿತ್ತು ಅಂತ ತಿಳಿಯಲು ಅದೇ ಬೆಲ್ಝೋನಿ ಕಡೆಯವರ ಜಲವರ್ಣ ಚಿತ್ರ ನೋಡಬೇಕು. ಹಾಳು ಮಾಡಿದವನ ಪುಸ್ತಕವೇ ಸಾಕ್ಷಿ!

ಕ್ಯಾಮೆರಾ ವಿಷಯಕ್ಕೆ ಬಂದರೆ, ಬ್ರಿಟಿಷ್ ಮ್ಯೂಸಿಯಂನಲ್ಲಿ ನೆಬಾಮುನ್ ಅನ್ನುವ ಇನ್ನೊಬ್ಬ ಈಜಿಪ್ಟಿನವನ ಸಮಾಧಿಯ 11 ತುಂಡುಗಳಿವೆ. ಗೋಡೆಯಿಂದ ಕಿತ್ತು ತಂದವು, 1821ರಲ್ಲಿ ಕೊಂಡರು. ಆ ಸಮಾಧಿ ಗುಡ್ಡದಲ್ಲಿ ಎಲ್ಲಿತ್ತು ಅನ್ನುವುದೇ ಈಗ ಗೊತ್ತಿಲ್ಲ. ಅದರಲ್ಲೂ ಇಂಥದ್ದೇ ಹಕ್ಕಿ ಬೇಟೆ ಇದೆ, ಜೊಂಡಿನ ನಡುವೆ ಒಂದು ಬೆಕ್ಕು ಮೂರು ಹಕ್ಕಿಗಳ ಮೇಲೆ ಒಟ್ಟಿಗೆ ಬಿದ್ದಿದೆ. ಆ ಬೆಕ್ಕಿನ ಕಣ್ಣಿಗೆ ಚಿನ್ನದ ರೇಕು ಅಂಟಿಸಿದ್ದಾರೆ. ಫೋಟೋದಲ್ಲಿ ಅದು ಬರೀ ಹಳದಿ ಚುಕ್ಕೆ. ಕುಂಚ ಹಿಡಿದು ವಾರಗಟ್ಟಲೆ ಅದರ ಮುಂದೆ ಕೂತವರಿಗೆ, ತಲೆ ಆಚೀಚೆ ಆಡಿಸಿದಾಗ ಒಂದು ಸಲ ಮಿಂಚಿದ್ದು ಕಂಡೇ ಕಾಣುತ್ತೆ. ನಾನು ಹೇಳುತ್ತಿರುವುದು ಆ ಥರದ ನೋಟ.

ಪಿಕ್ಸೆಲ್ ಪುಟ್ಟ

ಒಪ್ಪಿದೆ, ಚಿನ್ನದ ಕಣ್ಣಿಗೆ ಸೋತೆ. ಆದರೂ ಒಂದು ಪಾಯಿಂಟ್. ಕಾಗದದ ಮೇಲಿನ ನಕಲಿಗೂ ಆಯುಸ್ಸು ಇದೆ ಸಾರ್. ನಮ್ಮ ಅಜಂತಾ ಕಥೆ ಗೊತ್ತಲ್ಲ. ರಾಬರ್ಟ್ ಗಿಲ್ ಅನ್ನುವ ಸೇನಾಧಿಕಾರಿ ವರ್ಷಗಟ್ಟಲೆ ಗುಹೆಯಲ್ಲಿ ಕೂತು ದೊಡ್ಡ ದೊಡ್ಡ ನಕಲು ಬರೆದ, 1866ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಬೆಂಕಿಯಲ್ಲಿ ಹೆಚ್ಚುಕಮ್ಮಿ ಎಲ್ಲಾ ಸುಟ್ಟುಹೋದವು. ಆಮೇಲೆ ಬಾಂಬೆಯ ಕಲಾಶಾಲೆಯ ಗ್ರಿಫಿತ್ಸ್ ತನ್ನ ವಿದ್ಯಾರ್ಥಿಗಳ ಕೈಯಲ್ಲಿ ಮತ್ತೆ ಬರೆಸಿದ, 1885ರಲ್ಲಿ ಅವುಗಳಲ್ಲೂ ಬಹಳಷ್ಟು ಬೆಂಕಿಗೆ ಹೋದವು. ಎರಡು ಸಲ! ಫೈಲ್ ಆದರೆ ಹತ್ತು ಕಡೆ ಇಡಬಹುದು.

ಕುಂಚಕಡ್ಡಿ

ಅದು ನಿಜ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಖ್ತ್ ವಿಷಯದಲ್ಲೂ ಹಾಗೇ ಆಯಿತು. ಅವನದೇ ಒಂದು ಚಿಕ್ಕ ಪ್ರತಿಮೆ ಆ ಸಮಾಧಿಯಲ್ಲಿ ಸಿಕ್ಕಿತ್ತು. ಅಮೆರಿಕಕ್ಕೆ ಸಾಗಿಸುವಾಗ 1915ರಲ್ಲಿ ಅರಾಬಿಕ್ ಅನ್ನುವ ಹಡಗಿಗೆ ಜರ್ಮನ್ನರ ಟಾರ್ಪಿಡೊ ಬಡಿದು ಸಮುದ್ರದ ಪಾಲಾಯಿತು. ಉಳಿದಿದ್ದು ಅದರ ಫೋಟೋ ಮಾತ್ರ. ತಗೊಳ್ಳಿ, ನಿಮ್ಮ ಕ್ಯಾಮೆರಾ ಪಾರ್ಟಿಗೆ ಒಂದು ಓಟು.

ಹಳೇಪೇಟೆ ಶೈಲ

ಅಯ್ಯೋ, ಒಂದು ಈಟಿ ಕೇಳಿದ್ದಕ್ಕೆ ಇಷ್ಟೆಲ್ಲಾ! ಎಲ್ಲರಿಗೂ ಥ್ಯಾಂಕ್ಸ್. ಮಗಳಿಗೆ ಓದಿ ಹೇಳಿದೆ, ಕಣ್ಣು ಕಿತ್ತ ಮೆನ್ನಾ ಕಥೆ ಅವಳಿಗೆ ವಿಪರೀತ ಇಷ್ಟವಾಯಿತು, ಮಕ್ಕಳ ಬುದ್ಧಿ ನೋಡಿ. ಮಂಜ ಅವರೇ, ಪಪೈರಸ್ ಬೆಳಕಿಗೆ ಹಿಡಿದು ನೋಡಿದೆ, ಅಡ್ಡ-ಉದ್ದ ಗೆರೆ ಇದೆ. ಸ್ನೇಹಿತರ ಮಾನ ಉಳಿಯಿತು.

ಈಗ ಅವಳಿಗೆ ಇದನ್ನು ತಾನೂ ಬಿಡಿಸಬೇಕಂತೆ. ಇಡೀ ಬೇಟೆ ಬೇಡ, ಅದೇ ಸಮಾಧಿಯಲ್ಲಿ ಕುರ್ಚಿ ಕೆಳಗೆ ಮೀನು ತಿನ್ನುವ ಬೆಕ್ಕು ಇದೆಯಂತಲ್ಲ, ಮೆಟ್ ವೆಬ್‌ಸೈಟಿನಲ್ಲಿ ಹುಡುಕಿ ಅದನ್ನೇ ಆರಿಸಿಕೊಂಡಿದ್ದಾಳೆ. ಹೇಗೆ ಶುರು ಮಾಡಿಸಲಿ? ಮನೆಯಲ್ಲಿ ಇರುವುದು ಸಾಮಾನ್ಯ ಪೋಸ್ಟರ್ ಕಲರ್.

ಡ್ರಾಯಿಂಗ್ ಮಿಸ್

ನಾನು ಹೈಸ್ಕೂಲಿನಲ್ಲಿ ಚಿತ್ರಕಲೆ ಹೇಳಿಕೊಡುತ್ತೇನೆ, ಮಕ್ಕಳ ಕೈಯಲ್ಲಿ ಇದನ್ನು ಮಾಡಿಸಿದ್ದೇನೆ, ಅದಕ್ಕೆ ಬಾಯಿ ಹಾಕುತ್ತಿದ್ದೇನೆ.

ಪೋಸ್ಟರ್ ಕಲರೇ ಸಾಕು, ಒಳ್ಳೆಯದೇ. ಹೊಳಪಿಲ್ಲದ, ಮುಚ್ಚುವ ಬಣ್ಣ ಬೇಕು. ಅಕ್ರಿಲಿಕ್ ಬೇಡ, ಪ್ಲಾಸ್ಟಿಕ್ ಥರ ಹೊಳೆಯುತ್ತೆ. ಈಜಿಪ್ಟಿನವರು ಒದ್ದೆ ಗಾರೆಯ ಮೇಲೆ ಬರೆಯುತ್ತಿರಲಿಲ್ಲ, ತುಂಬಾ ಜನ ಫ್ರೆಸ್ಕೋ ಅಂದುಬಿಡುತ್ತಾರೆ, ತಪ್ಪು. ಒಣಗಿದ ಗಾರೆಯ ಮೇಲೆ ಅಂಟಿನಲ್ಲಿ ಕಲಸಿದ ಬಣ್ಣ. ಬಣ್ಣವೂ ಐದಾರೇ: ಕೆಮ್ಮಣ್ಣು, ಹಳದಿ ಮಣ್ಣು, ಮಸಿ ಕಪ್ಪು, ಬಿಳಿ, ಹಸಿರು, ಮತ್ತೆ ಆ ಪ್ರಸಿದ್ಧ ನೀಲಿ. ಆ ನೀಲಿ ಕಲ್ಲು ಪುಡಿ ಮಾಡಿದ್ದಲ್ಲ. ಮರಳು, ಸುಣ್ಣ, ತಾಮ್ರವನ್ನು ಒಲೆಯಲ್ಲಿ ಬೇಯಿಸಿ ತಯಾರಿಸಿದ್ದು. ಮನುಷ್ಯರು ಕೈಯಾರೆ ಮಾಡಿದ ಬಣ್ಣಗಳಲ್ಲಿ ತೀರಾ ಹಳೆಯದು ಅನ್ನುತ್ತಾರೆ.

ಟ್ಯೂಬಿನ ಕೆಂಪನ್ನು ಹಾಗೇ ಹಚ್ಚಿಸಬೇಡಿ. ಅಂಗಳದ ಕೆಮ್ಮಣ್ಣು ಸಿಕ್ಕರೆ ಜರಡಿ ಹಿಡಿದು, ನೀರಲ್ಲಿ ತೊಳೆದು, ಸ್ವಲ್ಪ ಗೋಂದು ಹಾಕಿ ಕಲಸಿ. ಮಕ್ಕಳಿಗೆ ಖುಷಿಯೋ ಖುಷಿ. ಹಿನ್ನೆಲೆಗೆ ಅಚ್ಚ ಬಿಳಿ ಬೇಡ. ನಖ್ತ್ ಕಾಲದ ಗೋಡೆಗೆ ಒಂದು ಚೂರು ನೀಲಿ ಬೆರೆತ ಬೂದು ಬಿಳಿ. ಹಳದಿ ಹಿನ್ನೆಲೆ ಜಾಸ್ತಿ ಬಂದಿದ್ದು ಆಮೇಲೆ ಬಂದ ರಾಜರಾದ ರಾಮ್ಸೆಸ್‌ಗಳ ಕಾಲದಲ್ಲಿ.

ಚೌಕ ಹಾಕಿಕೊಂಡು ಬರೆಯಲಿ. ಇದು ನಮ್ಮ ಸ್ಕೂಲಿನ ಉಪಾಯ ಮಾತ್ರ ಅಲ್ಲ, ಅವರದ್ದೂ ಹೌದು. ಕೆಂಪು ಬಣ್ಣದಲ್ಲಿ ಅದ್ದಿದ ದಾರವನ್ನು ಗೋಡೆಗೆ ಎಳೆದು ಹಿಡಿದು ಟಪ್ ಅಂತ ಬಿಡುತ್ತಿದ್ದರು, ನಮ್ಮ ಬಡಗಿಗಳು ಹಲಗೆಗೆ ಗೆರೆ ಹೊಡೆಯುವುದಿಲ್ಲವಾ, ಹಾಗೇ. ನಿಂತ ಮನುಷ್ಯ ಅಂದರೆ ಅಂಗಾಲಿನಿಂದ ಹಣೆಯ ಕೂದಲಿನವರೆಗೆ 18 ಚೌಕ, ಕೂತವನಿಗೆ 14. ಬೆಕ್ಕಿಗೆ ಅಂಥ ಲೆಕ್ಕ ಬೇಡ, ಬೆಕ್ಕು ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ಕೊನೆಯ ಗೆರೆ ಕಪ್ಪಲ್ಲಿ ಹಾಕಲು ಬಿಡಬೇಡಿ! ಮಕ್ಕಳೆಲ್ಲಾ ಮಾಡುವ ತಪ್ಪು, ಸ್ಕೆಚ್ ಪೆನ್ ತಗೊಂಡು ಸುತ್ತಲೂ ಕಪ್ಪು ಬಳಿದುಬಿಡುತ್ತಾರೆ, ಅಲ್ಲಿಗೆ ಕಾರ್ಟೂನ್ ಆಗಿಹೋಯಿತು. ಗೆರೆ ಕೆಂಗಂದು. ಬೆಕ್ಕಿನ ಮೈಮೇಲಿನ ಕೂದಲನ್ನು ಒಣಗಿದ ಕುಂಚದಲ್ಲಿ ಒಂದೊಂದಾಗಿ ಎಳೆಯಬೇಕು, ಅದಕ್ಕೆ ತಾಳ್ಮೆ ಬೇಕು.

ಸುಲಭ ದಾರಿ ಬೇಕಾದರೆ, ಮೆಟ್‌ನವರು 2017ರಿಂದ ಹಕ್ಕುಸ್ವಾಮ್ಯ ಇಲ್ಲದ ಚಿತ್ರಗಳನ್ನು ಪುಕ್ಕಟೆ ಇಳಿಸಿಕೊಳ್ಳಲು ಬಿಟ್ಟಿದ್ದಾರೆ, ಈ ನಕಲುಗಳಲ್ಲಿ ಬಹಳಷ್ಟು ಅದರಲ್ಲಿವೆ. ಪ್ರಿಂಟ್ ಹಾಕಿಸಿ ಪಕ್ಕದಲ್ಲಿ ಇಟ್ಟುಕೊಂಡು ಬರೆಯಲಿ, ಮೊಬೈಲ್ ಪರದೆ ನೋಡಿ ಬೇಡ, ಅದರ ಬೆಳಕಿಗೆ ಬಣ್ಣ ಮೋಸ ಮಾಡುತ್ತೆ. ಹಾಗೇ ನೀನಾ ಬರೆದ ನೆಫರ್ಟಾರಿ ರಾಣಿಯನ್ನೂ ನೋಡಿ. ಒಬ್ಬಳೇ ಕೂತು ನಮ್ಮ ಚೌಕಾಬಾರದ ಥರ ಸೆನೆಟ್ ಅನ್ನುವ ಆಟ ಆಡುತ್ತಿದ್ದಾಳೆ, ಎದುರಿಗೆ ಯಾರೂ ಇಲ್ಲ. ಆ ಸಮಾಧಿಯ ಗೋಡೆಯಲ್ಲಿ ಉಪ್ಪು ಉಬ್ಬಿ ಗಾರೆ ಉದುರುತ್ತಿತ್ತು. 1986ರಿಂದ 92ರವರೆಗೆ ಗೆಟ್ಟಿಯವರು ಈಜಿಪ್ಟಿನವರ ಜೊತೆ ಸೇರಿ ಅದನ್ನು ಉಳಿಸಿದರು. ಅವರೂ ಹೊಸದಾಗಿ ಬಣ್ಣ ಬಳಿಯಲಿಲ್ಲ, ಇದ್ದದ್ದನ್ನು ಗಟ್ಟಿ ಮಾಡಿ ನಿಲ್ಲಿಸಿದರು ಅಷ್ಟೇ.

ಹಳೇಪೇಟೆ ಶೈಲ

ಹದಿನೈದು ದಿನದ ಮೇಲೆ ಬರೆಯುತ್ತಿದ್ದೇನೆ. ಬೆಕ್ಕು ಆಯಿತು. ಗೆರೆ ಕೆಂಗಂದೇ ಹಾಕಿದ್ದಾಳೆ, ಮಿಸ್ ಹೇಳಿದ ಹಾಗೆ. ಕೆಮ್ಮಣ್ಣು ತೊಳೆಯಲು ಹೋಗಿ ಬಚ್ಚಲು ಪೂರ್ತಿ ಕೆಂಪಾಗಿದೆ. ಮೂಲದಲ್ಲಿ ಬಣ್ಣ ಹೋದ ಜಾಗಗಳನ್ನೂ ಹಾಗೇ ಬರೆದಿದ್ದಾಳೆ. ಸ್ಕೂಲಿನಲ್ಲಿ ತೋರಿಸಿದಾಗ ಇಲ್ಲಿ ಬಣ್ಣ ಬಿಟ್ಟುಹೋಗಿದೆ, ತುಂಬಿಸಿಕೊಂಡು ಬಾ ಅಂದರಂತೆ. ಇವಳು ಆಗಲ್ಲ ಅಂದು ಬಂದಿದ್ದಾಳೆ.

ಬೇಟೆಯ ಪ್ರಿಂಟ್ ಹಾಲ್‌ನಲ್ಲಿ ಹಾಕಿದ್ದೇವೆ. ಮನೆಗೆ ಬಂದವರಲ್ಲಿ ಇಲ್ಲಿಯವರೆಗೆ ಒಬ್ಬರೂ ಈಟಿ ಎಲ್ಲಿ ಅಂತ ಕೇಳಿಲ್ಲ.

ಮರಳುಗಾಡಿನ ಮಂಜ

ಬಿಸಿಲು ಬೀಳುವ ಗೋಡೆ ಅಲ್ಲ ತಾನೇ ಮೇಡಂ? ಹಳೇ ಪ್ರಿಂಟು, ಬೇಗ ಮಾಸುತ್ತೆ. ಬೆಕ್ಕಿನ ಫೋಟೋ ಹಾಕಿ, ನೋಡೋಣ.